ಹೊಗೆ ಬಳಸಿಲ್ಲ

"ಇಪ್ಪತ್ಮೂರು ವಾರ್ನಿಂಗ್ ಇಟ್ಕೊಂಡು ನಿಮಗೆ ನಿದ್ದೆ ಹೇಗ್ರೀ ಬರುತ್ತೆ?"

ಹಾಸನದ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಸೇರಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಪ್ರೇಕ್ಷಾ ಪಕ್ಕದ ಕುರ್ಚಿಯವನ ಮೇಲೆ ರೇಗಿಯೇಬಿಟ್ಟಳು.

ಅವನು ತಿರುಗಿ ನೋಡಿದ. ಅರಕಲಗೂಡು ಕಡೆಯ ಬಸವೇಶ. ಕಣ್ಣಲ್ಲೇ ನಗು!

"ಬುಡಿ ಮೇಡಂ, ವಾರ್ನಿಂಗ್ ತಾನೆ? ಎರರ್ ಆಗಿದ್ರೆ ಪ್ರೋಗ್ರಾಮೇ ಓಡ್ತಿರ್ಲಿಲ್ಲ. ಇದು ಸುಮ್ಕೆ ಗೊಣಗ್ತದೆ, ನಮ್ಮವ್ವ ಗೊಣಗ್ದಂಗೆ."

"ಅಮ್ಮ ಗೊಣಗಿದ್ರೆ ಏನೋ ಕಾರಣ ಇರುತ್ತೆ! ನೋಡಿ, ಈ ವೇರಿಯಬಲ್‌ಗೆ ಹೆಸರಿಟ್ಟಿದ್ದೀರಿ, ಜಾಗ ಕೊಟ್ಟಿದ್ದೀರಿ, ಆಮೇಲೆ ಎಲ್ಲೂ ಬಳಸೇ ಇಲ್ಲ. ಬೇಡ ಅಂದ್ರೆ ತೆಗೀರಿ, ಬೇಕು ಅಂದ್ರೆ ಬಳಸಿ. ಹೀಗೆ ಮಧ್ಯದಲ್ಲಿ ನೇತಾಡಿಸ್ಬೇಡಿ!"

ಹೇಳಿ ಮುಗಿಸುವಷ್ಟರಲ್ಲಿ ಅವಳ ಕೆನ್ನೆ ಬಿಸಿಯಾಗಿತ್ತು. ಅವನು ಸ್ಕ್ರೀನ್ ಬಿಟ್ಟು ಅವಳನ್ನೇ ನೋಡುತ್ತಿದ್ದ.

ಅಲ್ಲಿಂದ ಶುರುವಾಯಿತು ನೋಡಿ ಹುಡುಗಿಯ ಒದ್ದಾಟ. ತಾನು ಆಫೀಸಿಗೆ ಬರುವ ಹೊಳೆನರಸೀಪುರದ ಬಸ್ಸು ಹತ್ತು ನಿಮಿಷ ತಡವಾದರೂ ಜೀವ ಚಡಪಡಿಸುತ್ತಿತ್ತು. 'ಪ್ರೀತಿನಾ? ಛೆ...' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದುಕೊಂಡರೆ ಹೋಗುವಂಥದ್ದೇ ಅದು?

ಇಬ್ಬರಿಗೂ ಒಂದೇ ಕೆಲಸ ಬಂತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಎಂಬ ಮನೆಯಲ್ಲಿ ಕೆಳಗೆ ಕಬ್ಬಿಣದ ಕೊಳವೆಗಳು ಕಾದಿರುತ್ತವೆ. ಮೇಲೆ ಕಟ್ಟಿದ ಎಲೆ ಒಂದು ಉದುರಿ ಬಿದ್ದರೂ ಸಾಕು, ಬೆಂಕಿ. ಹೊಗೆ ಎದ್ದ ಕೂಡಲೇ ಕೂಗಿಕೊಳ್ಳುವ ಪೆಟ್ಟಿಗೆ ಮಾಡಬೇಕಿತ್ತು. ಹೊಗೆ ಎಷ್ಟಿದೆ ಎಂದು ಅಳೆಯುವ ಭಾಗ ಅವಳದು, ಅಲಾರಂ ಬಾರಿಸುವ ಭಾಗ ಅವನದು.

ಒಂದು ಮೀಟಿಂಗ್‌ನಲ್ಲಿ ಬಸವೇಶ ಎದ್ದು ನಿಂತ.

"ಒಗೆ ಬಂದ ತಕ್ಷಣ ಅಲಾರಂ..."

"ಒಗೆಯೋಕೆ ಅದೇನು ಬಟ್ಟೆನಾ? ಹೊಗೆ ಅನ್ನಿ!" ಪ್ರೇಕ್ಷಾ ಬಾಯಿ ತಪ್ಪಿ ಅಂದೇಬಿಟ್ಟಳು.

ಎಲ್ಲರೂ ಗೊಳ್ಳೆಂದು ನಕ್ಕರು. ಮಾಲೀಕ ದೇವರಾಜ್ ಮೇಜು ಕುಟ್ಟಿ ನಕ್ಕರು. ಬಸವೇಶನೂ ನಕ್ಕ. ಆದರೆ ಮರುದಿನದಿಂದ ಅವನ ಮಾತೇ ನಿಂತುಹೋಯಿತು. "ಹೌದು." "ಸರಿ." ಅದೂ ಪುಸ್ತಕ ಓದಿದ ಹಾಗೆ, ಅಕ್ಷರ ತೂಗಿ ತೂಗಿ.

ಹದಿನೈದು ದಿನ! ತಾನೇನು ಮಾಡಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಸಂಜೆ ಇಬ್ಬರ ಭಾಗವನ್ನೂ ಕೂಡಿಸಿ ಕಂಪೈಲ್ ಮಾಡಿದಳು. ಒಂದೇ ಒಂದು ವಾರ್ನಿಂಗ್: 'ಹೊಗೆ'ಗೆ ಬೆಲೆ ತುಂಬಿದ್ದೀರಿ, ಆದರೆ ಎಲ್ಲೂ ಬಳಸಿಲ್ಲ.

'ಹೊಗೆ' ಅವಳಿಟ್ಟ ವೇರಿಯಬಲ್. 'ನಾನು ಅಳೆದು ಕೊಟ್ಟಿದ್ದನ್ನ ಮುಟ್ಟೋಕೂ ಇಷ್ಟ ಇಲ್ವಾ ಇವರಿಗೆ? ಇಷ್ಟು ಬೇಡವಾದೆನಾ?'

ಕಣ್ಣು ತುಂಬಿಕೊಂಡೇ, ಆ ವಾರ್ನಿಂಗ್‌ನ ಬಾಯಿ ಮುಚ್ಚಿಸುವ ಒಂದು ಸಾಲು ಸೇರಿಸಿದಳು. ಸ್ಕ್ರೀನ್ ತೆಪ್ಪಗಾಯಿತು. ಆ ಪ್ರೋಗ್ರಾಂ ತುಂಬಿದ ಪೆಟ್ಟಿಗೆಯನ್ನು ಬಸವೇಶ ತನ್ನಪ್ಪನ ಬ್ಯಾರನ್‌ಗೆ ಹಾಕಲು ಊರಿಗೆ ಒಯ್ದ. ಹೋಗುವಾಗ ತಿರುಗಿಯೂ ನೋಡಲಿಲ್ಲ.

ಭಾನುವಾರ. ಅನ್ನ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ತಡೆಯಲಾರದೆ ಲ್ಯಾಪ್‌ಟಾಪ್ ತೆರೆದು, ಅವನು ಬರೆದ ಸಾಲುಗಳನ್ನು ಮೊದಲ ಸಲ ನಿಧಾನವಾಗಿ ಓದಿದಳು.

ಒಗೆ ಜಾಸ್ತಿಯಾದರೆ ಅಲಾರಂ ಬಾರಿಸು...

ಒಗೆ?!

ಅವನ ಬಾಯಲ್ಲಿ ಅದು ಯಾವತ್ತೂ 'ಒಗೆ'ಯೇ. ಬರೆಯುವಾಗಲೂ ಹಾಗೇ ಬಂದು, 'ಒಗೆ' ಎಂಬ ಬೇರೆ ವೇರಿಯಬಲ್ಲನ್ನೇ ಮಾಡಿಟ್ಟಿದ್ದ. ಅದರಲ್ಲಿ ಸದಾ ಸೊನ್ನೆ. ಅಳೆದದ್ದೆಲ್ಲ ಇವಳ 'ಹೊಗೆ'ಯಲ್ಲಿ ಬಿದ್ದಿತ್ತು. ಬ್ಯಾರನ್ ಹೊತ್ತಿ ಉರಿದರೂ ಆ ಪೆಟ್ಟಿಗೆ ಕೂಗುವುದಿಲ್ಲ!

'ಅವರು ನನ್ನನ್ನ ಬಿಟ್ಟಿರಲಿಲ್ಲ... ನನ್ನನ್ನೇ ಹುಡುಕಿದ್ದಾರೆ, ಅವರ ಮಾತಲ್ಲಿ. ನಾನು ಆಡಿಕೊಂಡು ನಕ್ಕೆನಲ್ಲ, ಅದೇ ಮಾತಲ್ಲಿ!'

ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ. ಮತ್ತೆ. ಅಮ್ಮ ಶಾಂತಿ "ಎಲ್ಲಿಗೇ?" ಎನ್ನುವಷ್ಟರಲ್ಲಿ ಲ್ಯಾಪ್‌ಟಾಪ್ ಸಮೇತ ಅರಕಲಗೂಡು ಬಸ್ಸು ಹತ್ತಿಯಾಗಿತ್ತು. ಪ್ರತಿ ಸ್ಟಾಪಿನಲ್ಲೂ ಆ ಬಸ್ಸು ನಿಂತು ನಿಂತು ಅವಳ ಪ್ರಾಣ ಹಿಂಡಿತು.

ಅರಕಲಗೂಡಿನಲ್ಲಿ ಆಟೊ ಹಿಡಿದು, ದಾರಿ ಕೇಳಿಕೊಂಡು ಅವನ ಊರು ತಲುಪಿ, ಇಳಿದು ಓಡಿದಳು. ಬ್ಯಾರನ್ ಕ್ಷೇಮವಾಗಿತ್ತು. ಪಕ್ಕದ ಚಪ್ಪರದಲ್ಲಿ ಬಸವೇಶನ ಅಪ್ಪ ಗಂಗಯ್ಯ ಗೊರಕೆ ಹೊಡೆಯುತ್ತಿದ್ದರು. ಬಸವೇಶ ದಿಗ್ಗನೆದ್ದ.

"ನೀವು... ಇಲ್ಲಿ?"

"ಫೋನ್ ಯಾಕೆ ಎತ್ತಲ್ಲ ನೀವು?"

"ಮನೇಲೈತೆ, ಚಾರ್ಜಿಗಾಕಿದ್ದೆ. ಪೆಟ್ಗೆ ಐತಲ್ಲ ಅಂತ ಅಪ್ಪಯ್ಯ ಇವತ್ತೇ ನೆಮ್ಮದಿಯಾಗಿ ಮಲಗವ್ರೆ..."

ಪ್ರೇಕ್ಷಾ ನೇರ ಪೆಟ್ಟಿಗೆಯ ಬಳಿ ಹೋದಳು. ಗೋಣಿತಾಟಿನ ಚೂರೊಂದಕ್ಕೆ ಬೆಂಕಿ ತಾಗಿಸಿ ಸೆನ್ಸರ್ ಕೆಳಗೆ ಹಿಡಿದಳು. ಹೊಗೆ ಎದ್ದಿತು. ಪೆಟ್ಟಿಗೆ ಪಿಟಕ್ಕೆನ್ನಲಿಲ್ಲ. ಬಸವೇಶನ ಮುಖ ಬಿಳಿಚಿಕೊಂಡಿತು.

ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಅವನು ನೋಡಿ, ಹಣೆ ಚಚ್ಚಿಕೊಂಡ.

"ನನ್ ನಾಲಗೆ ಕೈಗೂ ಬಂದ್ಬುಟ್ಟೈತೆ! ತಪ್ಪು ನಂದೇ."

"ಅಲ್ಲ. ಕಂಪೈಲರ್ ಹೇಳಿತ್ತು. ನೀವು ಬೇಕಂತಲೇ ಬಿಟ್ರಿ ಅಂದುಕೊಂಡು, ಸಿಟ್ಟಲ್ಲಿ ನಾನೇ ಅದರ ಬಾಯಿ ಮುಚ್ಚಿಸ್ದೆ. ನಿಮ್ಮಪ್ಪನಿಗೆ ಏನಾದ್ರೂ ಆಗಿದ್ದಿದ್ರೆ..." ಅವಳು ಬಿಕ್ಕಿದಳು. "ಹದಿನೈದು ದಿನ ಯಾಕೆ ಮಾತಾಡ್ಲಿಲ್ಲ ನನ್ನ ಹತ್ರ?"

ಬಸವೇಶ ನೆಲ ನೋಡಿದ.

"ಅವತ್ತು ಎಲ್ರೂ ನಕ್ರು, ನಂಗೇನೂ ಅನ್ನಿಸ್ಲಿಲ್ಲ. ನೀವು ನಕ್ರಲ್ಲ... ನಮ್ಮನೇಲಿ ಎಲ್ರೂ ಇಂಗೇ ಮಾತಾಡೋದು. ನಿಮ್ಮನ್ನ ಇಷ್ಟಪಟ್ಟಿದ್ದೇ ದೊಡ್ ತಪ್ಪೇನೋ ಅನ್ನಿಸ್ಬುಡ್ತು."

ಇಷ್ಟಪಟ್ಟಿದ್ದು!

"ಕ್ಷಮಿಸಿ... ನಿಮ್ಮ ಮಾತಿಲ್ದೆ ನನಗೆ ಹುಚ್ಚು ಹಿಡಿದಂಗಾಗಿತ್ತು. ನಂಗೂ ನೀವಂದ್ರೆ ಇಷ್ಟ. ಬಹಳ ಇಷ್ಟ!"

ಕಣ್ಣೊರೆಸಿಕೊಂಡು ಹೆಸರು ಸರಿಪಡಿಸಿದಳು, ಬಾಯಿ ಮುಚ್ಚಿಸಿದ್ದ ಸಾಲು ಅಳಿಸಿದಳು, ಪೆಟ್ಟಿಗೆಗೆ ತುಂಬಿದಳು. ಅವನು ಗೋಣಿತಾಟು ಹಿಡಿದ. ಪೆಟ್ಟಿಗೆ ಊರೇ ಏಳುವಂತೆ ಕಿರುಚಿತು! ಗಂಗಯ್ಯ ಪಂಚೆ ಹಿಡಿದುಕೊಂಡು ಎದ್ದು ಓಡಿದರು.

ಮನೆಯೊಳಗಿಂದ ಅವನ ಅವ್ವ ಗಂಗಾಂಬಿಕೆಯ ದನಿ ಬಂತು. "ಅದೇನ್ಲಾ ಸದ್ದು? ಯಾರ್ಲಾ ಬಂದಿರೋದು?"

ಬಸವೇಶ ಪ್ರೇಕ್ಷಾಳ ಕಡೆ ತಿರುಗಿದ. ಆ ಕಣ್ಣಿನ ನಗು ಹದಿನೈದು ದಿನದ ಮೇಲೆ ವಾಪಸ್ ಬಂದಿತ್ತು.

"ನಿನ್ ಸೊಸೆ ಬಂದವ್ಳೆ ಅಂತ... ಏಳ್ಲಾ?"

ಅವಳು ತಲೆ ತಗ್ಗಿಸಿದಳು. ತುಟಿಯಂಚಲ್ಲಿ ನಗು.

"ಊಂ... ಏಳಿ."