ಗಾರೆಯೊಳಗಿನ ಅಂಗೈ

“ಆ ಅಂಗೈ ಗುರುತು ಮುಟ್ಟಬ್ಯಾಡ್ರಿ ಸಾರ್. ಎರ್ರಮ್ಮನ ಮಾಟ ಐತಿ ಅದ್ರಾಗ.”

ಚರ್ಚು ಗುಡಿಸುವ ಹಂಪಮ್ಮ ಪೊರಕೆ ಹಿಡಿದೇ ಹೇಳಿದಳು. ಪಾಲಾಕ್ಷ ತಿರುಗಿಯೂ ನೋಡಲಿಲ್ಲ. ಹರಪನಹಳ್ಳಿ ಸೀಮೆಯ ಆ ಹಳೆಯ ಕಲ್ಲುಚರ್ಚಿನ ದುರಸ್ತಿಗೆಂದು ತೊಂಬತ್ತೆಂಟರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಕರೆಸಿದ್ದ ಕಲಾವಿದ ಆತ. ಬಂದ ದಿನದಿಂದ ಮೂಗು ಮುರಿಯುವುದೇ ಕೆಲಸ. ಬಲಿಪೀಠದ ಮೇಲಿನ ಕಮಾನು ಸೊಟ್ಟ. ಗೋಡೆಯ ಬುಡದಲ್ಲಿ ಮಂಡಿಯೂರಿದ ಗಾರೆಯ ದೇವದೂತನಿಗೆ ಬಾಗಳಿ ಗುಡಿಯ ದ್ವಾರಪಾಲಕನ ತೊಡೆ. ರೆಕ್ಕೆಗಳೋ, ಎರಡು ಮೊರ. ಅವನ ಕೆನ್ನೆಯ ಪಕ್ಕದಲ್ಲೇ ಆ ಅಂಗೈ ಗುರುತು.

“ಯಾವ ಗೌಂಡಿ ಮಾಡಿದ್ದು? ಎಮ್ಮೆಗೆ ರೆಕ್ಕೆ ಕಟ್ಟಿದಾನೆ.”

“ಹನುಮಣ್ಣ ಅಂತ. ಮೊದಲ್ನೇ ಬಲಿಪೂಜಿ ದಿನ ದೊಡ್ಡೋರೆಲ್ಲ ನೋಡಿ ನಕ್ಕರಂತ. ಅವತ್ತ ಎದಿ ಒಡದು ಸತ್ತಾನ. ಹೆಂಡ್ತಿ ಎರ್ರಮ್ಮ ಅವನ ಉಗುರು, ಕೂದಲ ಹಸಿ ಗಾರ್ಯಾಗ ಕಲಸಿ, ಹೆಣದ ಕೈ ಒತ್ತಿಸ್ಯಾಳ. ನಕ್ಕೋರ ಕೈ ಇಲ್ಲೇ ಉಳೀಲಿ ಅಂದಾಳ.”

“ಸತ್ತ ಮೇಲೂ ಇಷ್ಟು ಸೊಕ್ಕಾ?” ಪಾಲಾಕ್ಷ ಗಹಗಹಿಸಿ ಬಲಗೈಯನ್ನು ಗುರುತಿನ ಮೇಲಿಟ್ಟ.

ಸರಿಯಾಗಿ ಹೊಂದಿತು.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಬಣ್ಣದ ಗಾಜಿನ ಬೆಳಕು ಒಂದೊಂದಾಗಿ ಕಂದಿತು. ಮೇಣದ ವಾಸನೆ ಅಡಗಿ, ಹಸಿ ಸುಣ್ಣದ, ಸುಟ್ಟ ಕೂದಲಿನ ಕಮಟು ಮೂಗಿಗೆ ಅಡರಿತು. ನೂರು ವರ್ಷದ ಗಾರೆ ಅಂಗೈ ಕೆಳಗೆ ಮೆತ್ತಗಾಯಿತು. ಕೈ ಎಳೆದ. ಬರಲಿಲ್ಲ. ಮಣಿಕಟ್ಟು ಮುಳುಗಿತು. ಒಳಗಿನಿಂದ ಯಾರೋ ಬೆರಳಿಗೆ ಬೆರಳು ಹೆಣೆದರು. ತಣ್ಣನೆಯ ಬೆರಳು.

“ಹಂಪಮ್ಮಾ!”

“ಹನುಮಣ್ಣನ ಕೆಲಸ ಚಲೋ ಐತಿ ಅನ್ರಿ! ಮನಸಾರೆ ಅನ್ರಿ!”

“ಚೆನ್ನಾಗಿದೆ!” ಕಿರುಚಿದ. ಬಾಯಿಮಾತು. ಗೋಡೆ ಮೊಣಕೈವರೆಗೆ ನುಂಗಿತು. ಮೂಳೆ ಲಟಕ್ಕೆಂದಿತು. ಮುಖ ಗೋಡೆಗೆ ಅಪ್ಪಳಿಸಿತು. ಅಷ್ಟು ಹತ್ತಿರದಿಂದ ಆಗ ಕಂಡಿತು: ದೇವದೂತನ ರೆಪ್ಪೆಗೂದಲು. ಒಂದೊಂದೂ ಬಿಡಿಬಿಡಿ. ಹಸಿ ಗಾರೆಯಲ್ಲಿ ಉಸಿರು ಬಿಗಿಹಿಡಿದು ಗೀರಿದ್ದು. ದೂರ ನಿಂತು ನಕ್ಕ ಯಾರಿಗೂ ಕಾಣದ್ದು. ತನ್ನಿಂದ ಎಂದೂ ಆಗದ್ದು. ಪಾಲಾಕ್ಷ ಅತ್ತುಬಿಟ್ಟ.

ಗೋಡೆ ಬಿಟ್ಟಿತು.

ಕೈ ಹೊರಬಂತು. ಸುಣ್ಣದಷ್ಟು ಬಿಳಿ. ಅಂಗೈಯಲ್ಲಿ ಒಂದೂ ಗೆರೆಯಿಲ್ಲ, ಬೆರಳಿಗೆ ಉಗುರಿಲ್ಲ. ದಾವಣಗೆರೆಯ ಡಾಕ್ಟರು ಸೂಜಿ ಚುಚ್ಚಿ ನೋಡಿ, ಬೆವರು ಒರೆಸಿಕೊಂಡರು.

ಮರುದಿನ ಗಂಟುಮೂಟೆ ಕಟ್ಟಲು ಚರ್ಚಿಗೆ ಬಂದಾಗ ಹಂಪಮ್ಮ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟಳು. ಬಲಗೈ ಮಡಚಲು ಬರಲಿಲ್ಲ. ಎಡಗೈಯಲ್ಲಿ ಮುರಿಯಲು ಹೋದ. ರೊಟ್ಟಿ ಎರಡು ಸಲ ನೆಲಕ್ಕೆ ಬಿತ್ತು.

ಅವಳೇ ತುತ್ತು ಮುರಿದು ಹಿಡಿದಳು. ಪಾಲಾಕ್ಷ ಬಾಯಿ ತೆರೆದ.