ನೀರಿನ ಬಾಯಿಗೆ ಹೊಡೆದ ಮೊಳೆ

“ಮೊಳೆ ಮಾತ್ರ ಕೀಳ್ಬೇಡ ತಾಯಿ. ಸುರುಳಿ ಹೇಗಿದೆಯೋ ಹಾಗೇ ಇರ್ಲಿ. ಬೆಳಿಗ್ಗೆ ನಿನ್ನ ತಮ್ಮನ ಕೈಲೇ ಕೆಳಗೆ ಕಳಿಸ್ಬಿಡು.”

ಹಗ್ಗದಜ್ಜ ಇದನ್ನು ಹೊಸ್ತಿಲಾಚೆ ನಿಂತೇ ಹೇಳಿದ. ನಲವತ್ತು ವರ್ಷ ಮುಳುಗುಗಾರರ ಹಗ್ಗ ಹಿಡಿದವನು. ಅವನ ಅಂಗೈಯ ಚರ್ಮ ಹಗ್ಗದ ಹುರಿಯನ್ನೇ ಮೂಡಿಸಿಕೊಂಡಿತ್ತು. ಹಡಗಿನ ಮೇಲ್ತಟ್ಟಿನಲ್ಲಿ ತಗಡು ಹೊದಿಸಿ ಕಟ್ಟಿದ್ದ ಆ ಕೋಣೆಯೊಳಗೆ ಮಾತ್ರ ಅವನು ಕಾಲಿಡುತ್ತಿರಲಿಲ್ಲ. ಇನ್ನೂರು ವರ್ಷಗಳ ಹಿಂದೆ ಅದೇ ಜಾಗದಲ್ಲಿ ಮುಳುಗಿದ ಹಡಗೊಂದರಿಂದ ಮೇಲೆತ್ತಿದ ವಸ್ತುಗಳೆಲ್ಲ ಅಲ್ಲಿ ತೊಟ್ಟಿಗಳ ನೀರಿನಲ್ಲಿ ಅದ್ದಿಕೊಂಡಿದ್ದವು: ಕಪ್ಪುಗಟ್ಟಿದ ಬೆಳ್ಳಿಯ ಗಟ್ಟಿಗಳು, ಒಂದಕ್ಕೊಂದು ಕಚ್ಚಿಕೊಂಡ ನಾಣ್ಯಗಳು, ಒಂಟಿ ಪಾದರಕ್ಷೆ. ತುಕ್ಕು ಮತ್ತು ಸತ್ತ ಚಿಪ್ಪಿನ ಕಮಟು ವಾಸನೆ ಗಂಟಲಿಗೆ ಅಂಟುತ್ತಿತ್ತು.

ಆ ವಸ್ತುಗಳ ಉಪ್ಪು ಬಿಡಿಸಿ, ಮೇಲಿನ ಹಕ್ಕಳೆ ಕೆರೆದು, ಅವು ಏನೆಂದು ಗುರುತಿಸುವುದು ಅಜ್ಜ ‘ತಾಯಿ’ ಎಂದು ಕರೆದವಳ ಕೆಲಸ. ಬಂದು ಒಂಬತ್ತು ದಿನವಾಗಿತ್ತು. ಒಂಬತ್ತು ಮಂದಿ ಮುಳುಗುಗಾರರಲ್ಲಿ ಕಿರಿಯವನು ಅವಳ ತಮ್ಮ. ಅವನು ಕರೆದಂತೆ, ಅಜ್ಜನೊಬ್ಬನ ಹೊರತು ಹಡಗಿನವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತಾಯಿ ತೀರಿದಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೇಳು. ಅಂದಿನಿಂದ ಅವನಿಗೆ ಅನ್ನ, ಪಾಠ, ಪೆಟ್ಟು ಎಲ್ಲ ಅವಳದೇ. ಈ ಹಡಗಿನ ಕೆಲಸ ಮುಗಿದರೆ ಮತ್ತೆ ನೀರಿಗಿಳಿಯುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ. ಉಳಿದಿದ್ದು ಹನ್ನೆರಡು ದಿನ. ಕೊಟ್ಟ ಮಾತಿಗೆ ಕಾವಲಾಗಿರಲೆಂದೇ ಅವಳು ಈ ಕೆಲಸ ಹಿಡಿದಿದ್ದಳು.

ಸುರುಳಿಯನ್ನು ತಂದವನೂ ಅವನೇ. ಗೇಣುದ್ದದ ಸೀಸದ ತಗಡು, ಬಿಗಿಯಾಗಿ ಸುತ್ತಿ ನಟ್ಟನಡುವೆ ಕಬ್ಬಿಣದ ಮೊಳೆ ಹೊಡೆದದ್ದು. ಮುಳುಗಿದ ಹಡಗಿನ ಬಾಗಿಲ ಬಳಿ ಬಿದ್ದಿತ್ತು. ಕೆಳಗಿಳಿದವರು ಮೊದಲು ಅದನ್ನು ಮುಟ್ಟಿ, ಆಮೇಲೆ ಒಳಗೆ ಹೋಗುವುದು ವಾಡಿಕೆ. ಯಾರೂ ಅದನ್ನು ಎತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಅದರ ಮಾತು ಬಂದಾಗ ‘ನನಗೊಂದು ಸಲ ತೋರಿಸೋ’ ಎಂದು ಅಕ್ಕ ಕೇಳಿದ್ದಳು. ಮರುದಿನ ಅವನು ಅದನ್ನು ಎದೆಗವಚಿಕೊಂಡು ಮೇಲೆ ಬಂದಿದ್ದ.

“ಅದು ಮಾಟದ್ದು ತಾಯಿ,” ಎಂದ ಅಜ್ಜ.

“ಮಾಟ ಮಾಡಿ ಏನು ಮಾಡಿದೆ ಅಜ್ಜ? ಇಲ್ಲಿ ಎಷ್ಟು ಜನ ಡೈವರ್‌ಗಳು ಸತ್ತಿದ್ದಾರೆ?”

“ನಮ್ಮಪ್ಪನ ಕಾಲದಿಂದ ಒಬ್ಬನೂ ಇಲ್ಲ. ಅವರಪ್ಪನ ಕಾಲದಲ್ಲೂ ಇಲ್ವಂತೆ. ಒಬ್ಬನಿಗೆ ಗಾಳಿ ಕೊಳವೆ ಹರಿದುಹೋಗಿತ್ತು. ಅವನೂ ಬದುಕಿ ಬಂದ.”

ಅವಳು ನಕ್ಕಳು. “ಯಾರನ್ನೂ ಕೊಲ್ಲದ ಮಾಟ ಎಂಥ ಮಾಟ ಅಜ್ಜ? ಸಂಬಳ ತಿಂದು ಸುಮ್ಮನೆ ಕೂತಿದೆಯಲ್ಲ!”

ಅಜ್ಜ ಹೊಸ್ತಿಲನ್ನೊಮ್ಮೆ ನೋಡಿ ಹೊರಟುಹೋದ. ಅವಳು ಅಲಗು ಹಿಡಿದು ಕೂತು, ಸುರುಳಿಯ ಮೈಗೆ ಅಂಟಿದ್ದ ಸುಣ್ಣದ ಹಕ್ಕಳೆಯನ್ನು ಕೆರೆದು ತೆಗೆದಳು.

ಬೆಳಿಗ್ಗೆ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಎಳೆದಳು. ಅದು ಹಾಲುಹಲ್ಲಿನಂತೆ ಸುಲಭವಾಗಿ ಬಂತು. ಸಮುದ್ರದಲ್ಲಿದ್ದ ಕಬ್ಬಿಣವನ್ನು ಒಣಗಲು ಬಿಡಬಾರದು. ಒಳಗಿನ ಉಪ್ಪು ಅದನ್ನು ಸೀಳಿಹಾಕುತ್ತದೆ. ಇದು ಈ ವಿದ್ಯೆಯ ಮೊದಲ ಪಾಠ. ಆದರೂ ಅಜ್ಜ ಹಾದುಹೋಗುವಾಗ ಕಾಣಲೆಂದು, ಕೀಟಲೆಗಾಗಿ, ಅದನ್ನು ಕಿಟಕಿಯ ಬಿಸಿಲಿನಲ್ಲಿಟ್ಟಳು.

ತಮ್ಮ ಒಳಗೆ ಇಣುಕಿದ. “ಅಕ್ಕ, ಸುರುಳಿ ಕೊಡ್ತೀಯಾ? ವಾಪಸ್ ಇಡು ಅಂತ ಅಜ್ಜ ಒಂದೇ ಸಮನೆ ಕೊರೀತಿದ್ದಾನೆ.”

“ಓದಿ ಕೊಡ್ತೀನಿ. ಸಂಜೆ ತಗೊ.”

“ಬೇಗ ಓದು. ಶಾಲೆಗೆ ಹೋಗೋವಾಗ ನನಗೆ ನೀನೇ ಅಂತಿದ್ದೆ, ಓದಿದ್ದು ಸಾಕಾಗಲ್ಲ ಅಂತ. ಈಗ ನಿನ್ನ ಸರದಿ.” ಅವಳ ತಟ್ಟೆಯಿಂದ ಅರ್ಧ ಬ್ರೆಡ್ಡು ಎತ್ತಿಕೊಂಡು, ಅವಳು ಗದರುವುದರೊಳಗೆ ಓಡಿದ.

ಸೀಸವನ್ನು ಹದವಾಗಿ ಬಿಸಿಮಾಡುತ್ತ ಕೂದಲೆಳೆಯಷ್ಟೇ ಬಿಚ್ಚುತ್ತ ಹೋಗಬೇಕು. ಅವಸರ ಮಾಡಿದರೆ ಬಿರಿಯುತ್ತದೆ. ಮೊಳೆಯಿದ್ದ ತೂತಿನಲ್ಲಿ ಒಂದು ಹನಿ ನೀರು ಮೂಡಿತು. ಒರೆಸಿದಳು. ಮತ್ತೊಂದು ಮೂಡಿತು. ನಾಲಿಗೆಗೆ ಮುಟ್ಟಿಸಿ ನೋಡಿದಳು: ಉಪ್ಪು. ಪದರಗಳ ನಡುವೆ ನಿಂತ ನೀರು ಇಳಿಯುತ್ತಿದೆ ಎಂದು ತೀರ್ಮಾನಿಸಿದಳು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಹದಿನಾಲ್ಕು ಸಲ ನೆನೆದಿತ್ತು. ಅಂಗೈಯಗಲದ ತಗಡಿನೊಳಗೆ ಅಷ್ಟು ನೀರು ಹಿಡಿಯುವುದಿಲ್ಲ. ಈ ಲೆಕ್ಕ ಅವಳಿಗೂ ಗೊತ್ತಾಯಿತು. ಆದರೆ ಮೊದಲ ಅಕ್ಷರಗಳು ಕಂಡಿದ್ದವು, ಲೆಕ್ಕವನ್ನು ಪಕ್ಕಕ್ಕಿಟ್ಟಳು.

ಸೂಜಿಯಿಂದ ಗೀಚಿದ ಹಳೆಯ ಬರಹ. ಭೂತಗನ್ನಡಿ ಹಿಡಿದು ಓದಿದಳು.

‘ನೂರ ಹನ್ನೆರಡು ಜನರನ್ನು ನುಂಗಿದ ನೀರೇ, ಅವರಲ್ಲಿ ನನ್ನ ಮಗನೊಬ್ಬ.’

ಹೊರಗೆ ಹಗ್ಗದ ರಾಟೆ ಕಿರುಗುಟ್ಟಿತು. ತಮ್ಮ ಎರಡನೆಯ ಸರದಿಗೆ ಇಳಿಯುತ್ತಿದ್ದ. ಅವಳು ಇನ್ನೊಂದು ಸುತ್ತು ಬಿಚ್ಚಿದಳು.

‘ಇಲ್ಲಿ ಇನ್ನೊಬ್ಬ ಸಾಯಬಾರದು. ಇನ್ನೊಬ್ಬಳು ಅಳಬಾರದು. ನಿನ್ನ ಬಾಯಿಗೆ ಮೊಳೆ ಹೊಡೆದಿದ್ದೇನೆ. ಕಳೆದುಕೊಂಡವಳ ಕೈ ಹೊಡೆದದ್ದು. ಬೇರೆ ಕೈಗೆ ಇದು ಒಲಿಯದು.’

ಯಾರನ್ನೂ ಕೊಲ್ಲದ ಮಾಟ! ಅಜ್ಜನ ಅಪ್ಪ, ಅವನ ಅಪ್ಪ, ಕೊಳವೆ ಹರಿದೂ ಬದುಕಿದವನು. ಇದು ಕೊಲ್ಲಲು ಮಾಡಿದ್ದಲ್ಲ. ಕಾಯಲು ಮಾಡಿದ್ದು.

ಹಡಗಿನ ಮೈಗೆ ಬಡಿಯುತ್ತಿದ್ದ ಅಲೆಯ ಸದ್ದು ನಿಂತಿತು. ಒಂಬತ್ತು ದಿನ ಹಗಲಿರುಳು ಕೇಳಿದ ಸದ್ದು. ಆ ಮೌನದಲ್ಲಿ, ಬಾಯಾರಿದವರು ನೀರು ಕುಡಿದಾಗ ಗಂಟಲಲ್ಲಿ ಬರುವಂಥ ಒಂದು ಗುಟುಕಿನ ಶಬ್ದ ಕೇಳಿಸಿತು. ಅಷ್ಟೂ ತೊಟ್ಟಿಗಳ ನೀರು ಒಟ್ಟಿಗೆ ಒಂದು ಬೆರಳಷ್ಟು ಇಳಿಯಿತು.

ಕೊನೆಯ ಸುತ್ತು. ಅವಸರದಲ್ಲಿ ಎಳೆದಳು. ಸೀಸ ಬಿರಿಯಿತು. ಓದಿದಳು.

‘ಮೊಳೆ ಕಿತ್ತ ಕೈ ಯಾವುದೋ, ಅದರ ರಕ್ತ ಹಂಚಿಕೊಂಡ ಜೀವವೇ ನಿನ್ನ ಮೊದಲ ತುತ್ತು.’

ಕಿಟಕಿಯತ್ತ ಹಾರಿದಳು. ಮೊಳೆಯಿರಲಿಲ್ಲ. ಮೊಳೆಯಿದ್ದ ಕಡೆ ಕೆಂಪು ಪುಡಿಯಿತ್ತು. ಮುಟ್ಟಿದರೆ ಬೆರಳಿಗೆ ಹತ್ತಿತು. ಡಬ್ಬಿ ತಡಕಿದಳು. ಹೊಸ ಉಕ್ಕಿನ ಮೊಳೆ. ಸುತ್ತಿಗೆ. ಇನ್ನೂ ಬೆಚ್ಚಗಿದ್ದ ತಗಡನ್ನು ಕೈಯಲ್ಲೇ ಸುತ್ತಿ ಹೊರಗೋಡಿದಳು.

“ಅಜ್ಜ! ಅವನನ್ನ ಎತ್ತು! ಎತ್ತು ಅವನನ್ನ!”

“ಇಳಿದು ನಾಲ್ಕು ನಿಮಿಷ ಆಗಿಲ್ಲ. ಯಾಕೆ?” ಎನ್ನುತ್ತಲೇ ಅಜ್ಜನ ಕಣ್ಣು ಅವಳ ಕೈ ಮೇಲೆ ಬಿತ್ತು. “ಕಿತ್ತೆಯಾ?”

ಅವಳು ಮಂಡಿಯೂರಿ ಸುರುಳಿಯ ಮೇಲೆ ಮೊಳೆಯಿಟ್ಟು ಹೊಡೆದಳು. ಮೊಳೆ ಜಾರಿತು. ಮತ್ತೆ ಹೊಡೆದಳು. ಡೊಂಕಾಯಿತು. ಮತ್ತೊಂದನ್ನಿಟ್ಟಳು. ಉಗುರಿನಿಂದ ಗೀರಿದರೂ ಗುರುತು ಬೀಳುವ ಮೆತ್ತನೆಯ ಸೀಸ, ಉಕ್ಕಿನ ಮೊಳೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಬೆರಳು ಜಜ್ಜಿ ರಕ್ತ ಬಂತು. ಹೊಡೆದಳು. ಜಾರಿತು.

ಅಜ್ಜನ ಕೈಯಲ್ಲಿ ಹಗ್ಗ ಒಮ್ಮೆ ಜಗ್ಗಿತು.

“ಒಂದು ಜಗ್ಗು,” ಅಜ್ಜ ಕೂಗಿದ. “ಸರಿ ಇದ್ದೇನೆ ಅಂತ. ಸರಿ ಇದ್ದಾನೆ ತಾಯಿ! ಎಳೀರೋ!”

ನಾಲ್ವರು ಕೂಡಿ ಎಳೆದರು. ಸಮುದ್ರ ಎಣ್ಣೆಯಂತೆ ನಿಂತಿತ್ತು. ಹಗ್ಗ ಮತ್ತೊಮ್ಮೆ ಜಗ್ಗಿತು. ಸರಿ ಇದ್ದೇನೆ. ಎಳೆದರು. ಮತ್ತೊಮ್ಮೆ. ಸರಿ ಇದ್ದೇನೆ. ಇಪ್ಪತ್ತು ಮೀಟರು ಬಂತು. ಇಪ್ಪತ್ತೈದು. ಹಗ್ಗ ಹಗುರವಾಗಿತ್ತು. ಜಗ್ಗು ನಿಲ್ಲಲಿಲ್ಲ. ಇಪ್ಪತ್ತೆಂಟು.

ಹಗ್ಗದ ತುದಿ ನೀರಿನಿಂದ ಹೊರಬಂತು. ಕಡಿದಿರಲಿಲ್ಲ, ಹರಿದಿರಲಿಲ್ಲ. ಅವನ ಸೊಂಟಕ್ಕೆ ಅಜ್ಜನೇ ಹಾಕಿದ ಗಂಟು ಹಾಗೆಯೇ ಇತ್ತು. ಕುಣಿಕೆಯೊಳಗೆ ಯಾರೂ ಇರಲಿಲ್ಲ.

ಖಾಲಿ ಹಗ್ಗ ಅಜ್ಜನ ಅಂಗೈಯಲ್ಲಿ ಇನ್ನೂ ಒಮ್ಮೆ ಜಗ್ಗಿತು.

ಅವಳು ಕುಣಿಕೆಯನ್ನು ನೋಡಿದಳು. ನೀರನ್ನು ನೋಡಿದಳು. ಆಮೇಲೆ ಮೊಳೆಯನ್ನು ಎತ್ತಿ, ಸುರುಳಿಯ ಮೇಲಿಟ್ಟು, ಬಲವೇನೂ ಇಲ್ಲದೆ, ಸುತ್ತಿಗೆಯನ್ನು ಸುಮ್ಮನೆ ಬಿಟ್ಟಳು.

ಒಂದೇ ಪೆಟ್ಟಿಗೆ ಮೊಳೆ ತಲೆಯವರೆಗೂ ಇಳಿಯಿತು.

ಅವನು ಇಲ್ಲವೆಂದು ಅವಳಿಗೆ ತಿಳಿದದ್ದು ಆಗ. ಅವಳ ಬಾಯಿಂದ ಹೊರಟ ದನಿಯನ್ನು ಕೇಳಲಾರದೆ ಅಡಿಗೆಯವನು ಎರಡೂ ಕಿವಿ ಮುಚ್ಚಿಕೊಂಡ. ಹಡಗಿನ ಮೈಗೆ ಅಲೆ ಬಡಿಯತೊಡಗಿತು.

ಎಂಟು ಮುಳುಗುಗಾರರು ಎರಡು ದಿನ ಹುಡುಕಿದರು. ಎಂಟು ಜನರೂ ಪ್ರತಿ ಸಲ ಮೇಲೆ ಬಂದರು. ಒಬ್ಬನ ಕಾಲು ಕಬ್ಬಿಣದ ತೊಲೆಯಡಿ ಸಿಕ್ಕಿಕೊಂಡಿತ್ತು. ತೊಲೆ ತಾನಾಗಿ ಪಕ್ಕಕ್ಕೆ ಸರಿಯಿತೆಂದು ಹೇಳಿದ. ತಮ್ಮ ಸಿಗಲಿಲ್ಲ.

ಮೂರನೆಯ ದಿನ ಅಜ್ಜ ಮೊದಲ ಬಾರಿಗೆ ಹೊಸ್ತಿಲು ದಾಟಿ ಒಳಗೆ ಬಂದ. ಸುರುಳಿ ಮೇಜಿನ ಮೇಲಿತ್ತು. ತೂತು ಒಣಗಿತ್ತು.

“ಇದನ್ನ ಇವತ್ತು ಕೆಳಗೆ ಬಿಡ್ಬೇಕು ತಾಯಿ. ಏನು ಬರೆದಿದೆ ಅಂತ ನೀನು ಹೇಳ್ಲೇ ಇಲ್ಲ.”

ಹೇಳಿದಳು. ಅಜ್ಜ ತೊಟ್ಟಿಯ ಅಂಚು ಹಿಡಿದುಕೊಂಡ.

“ಆ ಕೊನೇ ಸಾಲು... ಅದನ್ನ ಕೆರೆದು ಹಾಕೋಕಾಗಲ್ವಾ? ಮುಂದೆ ಇನ್ಯಾರೋ ಕೀಳ್ತಾರೆ. ಅವರ ಮನೇಲೂ ಒಬ್ಬ ತಮ್ಮ ಇರ್ತಾನೆ.”

“ಅದು ಒಳಗಿದೆ ಅಜ್ಜ. ಕೆರೀಬೇಕು ಅಂದ್ರೆ ಮೊಳೆ ಕೀಳ್ಬೇಕು.”

ಅಜ್ಜ ತಲೆ ತಗ್ಗಿಸಿದ. ಅವಳು ಸೂಜಿ ತೆಗೆದುಕೊಂಡಳು. ಒಳಗೆ ಬರೆದದ್ದನ್ನು ಓದುವ ಹೊತ್ತಿಗೆ ತಡವಾಗಿರುತ್ತದೆ. ಬರೆಯುವುದಾದರೆ ಹೊರಗೆ ಬರೆಯಬೇಕು. ಹೊರಗೆ ಬರೆದದ್ದು ಎಷ್ಟು ಕಾಲ ಉಳಿಯುತ್ತದೆಂದೂ ಅವಳಿಗೆ ಗೊತ್ತಿತ್ತು: ಆ ನೀರಿನಲ್ಲಿ ಸೀಸದ ಮೇಲೆ ಚಿಪ್ಪು ಕಟ್ಟಲು ಇಪ್ಪತ್ತು ವರ್ಷ ಸಾಕು. ಖಾಲಿ ಜಾಗಕ್ಕಾಗಿ ಭೂತಗನ್ನಡಿಯನ್ನು ಸುರುಳಿಯ ಮೈಮೇಲೆ ಆಡಿಸಿದಳು. ಒಂದು ಕಡೆ ಅವಳ ಕೈ ನಿಂತಿತು.

ಅಲ್ಲಿ ಮೊದಲೇ ಒಂದು ಸಾಲು ಇತ್ತು. ಅವಳ ಅಲಗು ಹಕ್ಕಳೆಯ ಜೊತೆಗೆ ಅದನ್ನೂ ಕೆರೆದುಹಾಕಿತ್ತು. ಅಲಗು ತಾಗದೆ ಉಳಿದದ್ದು ಎರಡೇ ಪದ.

‘ಒಬ್ಬನೇ ಮಗ.’

ಅವಳ ಕಣ್ಣೀರು ಗಾಜಿನ ಮೇಲೆ ಬಿತ್ತು. ಒರೆಸಿ, ಆ ಎರಡು ಪದಗಳ ಕೆಳಗೆ, ಸೂಜಿ ಬಾಗುವಷ್ಟು ಆಳವಾಗಿ ಒತ್ತಿ ಬರೆದಳು: ‘ಕೀಳಬೇಡಿ. ನನಗಿದ್ದವನೂ ಒಬ್ಬನೇ ತಮ್ಮ.’