‘ರನ್’ ಪದದ ಚೀಟಿಗಳು

ಎಗ್ಮೋರ್ ಸ್ಟೇಷನ್ನಿನ ಎದುರಿನ ಆ ಮಾಳಿಗೆಗೆ ಹೋಟೆಲಿನ ಕಾಫಿ ಫ್ಲಾಸ್ಕ್ ಹಿಡಿದು ಮೊದಲ ಸಲ ಹತ್ತಿದ ದಿನ ಸುಬ್ರಾಯನಿಗೆ ಸಿಕ್ಕ ಸ್ವಾಗತ ಇದು:

"ಕಾಲಿಡಬೇಡಿ! ಅಲ್ಲೇ ನಿಲ್ಲಿ!"

ನೆಲದ ತುಂಬ ಅಂಗೈಯಗಲದ ಚೀಟಿಗಳು. ನಡುವೆ ಸೆರಗು ಸಿಕ್ಕಿಸಿಕೊಂಡು ಕೂತ ಹುಡುಗಿ. ಅವಳ ಮೂಗಿನ ತುದಿಗೆ ಮಸಿ ಮೆತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ಸುಬ್ರಾಯನಿಗಿರಲಿಲ್ಲ.

"ಇದೆಂತ ಮಾರಾಯ್ರೆ, ಇಸ್ಪೀಟಾ?"

"ಡಿಕ್ಷನರಿ. ನೀವು ತುಳಿಯೋದ್ರಲ್ಲಿದ್ದಿದ್ದು ‘ರನ್’ ಅನ್ನೋ ಪದ."

"ಒಂದು ಪದಕ್ಕೆ ಇಷ್ಟು ಚೀಟಿಯಾ? ‘ಓಡು’ ಅಂತ ಬರೆದ್ರೆ ಮುಗೀತಲ್ಲ."

ಹುಡುಗಿ ತಲೆಯೆತ್ತಿದಳು. "ನಿಮ್ಮ ಹೋಟೆಲನ್ನ ರನ್ ಮಾಡೋದು ಯಾರು?"

"ನನ್ನ ಮಾವ."

"ಎಲ್ಲಿಗೆ ಓಡಿಸ್ತಾರೆ?"

ಸುಬ್ರಾಯ ಫ್ಲಾಸ್ಕನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಅವಳು ನಕ್ಕಳು. ನಗುವಾಗ ಅವಳ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಮರುದಿನದಿಂದ ಆ ಮನೆಗೆ ಕಾಫಿ ಒಯ್ಯುವ ಕೆಲಸವನ್ನು ಹೋಟೆಲಿನ ಮೇಲ್ವಿಚಾರಕ ಸುಬ್ರಾಯ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಅದು ಐವತ್ತೆಂಟನೆಯ ಇಸವಿ. ಮಾಳಿಗೆಯಲ್ಲಿದ್ದವರು ವಿಷ್ಣುತೀರ್ಥ ರಾಯರು. ಧಾರವಾಡದ ಕಡೆ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾಗಿ, ಮದರಾಸಿಗೆ ಮಗನ ಮನೆಗೆ ಬಂದವರು. ಹನ್ನೊಂದು ವರ್ಷದಿಂದ ಒಂದು ಇಂಗ್ಲಿಷ್–ಕನ್ನಡ ನಿಘಂಟಿನ ಬೆನ್ನು ಹತ್ತಿದ್ದರು. ಆ ಹುಡುಗಿ ನೀರಜಾ, ಪೆರಂಬೂರಿನ ರೈಲ್ವೆ ಗುಮಾಸ್ತರ ಮಗಳು, ಮೈಸೂರಿನ ಕಡೆಯವಳು. ಮುತ್ತು ಪೋಣಿಸಿದಂಥ ಅವಳ ಅಕ್ಷರ ನೋಡಿ ರಾಯರು ಕೆಲಸಕ್ಕಿಟ್ಟುಕೊಂಡಿದ್ದರು.

ರಾಯರದು ಒಂದೇ ಹಟ. ಪುಸ್ತಕದಿಂದ ಎತ್ತಿದ ವಾಕ್ಯ ಬೇಡ, ಜನ ಆಡಿದ ಮಾತೇ ಬೇಕು. "ಯಾರ ಅಂದ್ರು, ಎಲ್ಲಿ ಅಂದ್ರು, ಯಾವತ್ತ ಅಂದ್ರು, ಮೂರೂ ಚೀಟಿ ಮ್ಯಾಲ ಇರಬೇಕು ನೋಡು. ಇಲ್ಲಾಂದ್ರ ಅದು ಕಸ."

ಸುಬ್ರಾಯನಿಗೆ ಇಷ್ಟೇ ಸಾಕಾಯಿತು. ಹೋಟೆಲಿನಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ತಿರುಗತೊಡಗಿದ. ಬೋಟ್ ಮೇಲ್ ಎರಡು ಗಂಟೆ ಲೇಟಾಗಿ ರನ್ ಆಗುತ್ತಿದೆ ಎಂದ ಪೋರ್ಟರು, ಮೌಂಟ್ ರೋಡಿನಲ್ಲಿ ಪಿಕ್ಚರ್ ನೂರು ದಿನ ರನ್ ಆಯಿತು ಎಂದ ಪೋಸ್ಟರ್ ಅಂಟಿಸುವವನು, ಮದರಾಸ್ ಚೆಕ್ಸ್ ಬಟ್ಟೆಯ ಬಣ್ಣ ಒಗೆದರೆ ರನ್ ಆಗುತ್ತದೆ ಎಂದು ಗೊಣಗಿದ ಆಂಗ್ಲೋ ಇಂಡಿಯನ್ ಮೇಡಮ್, ಸಾಂಬಾರ್ ಕುಡಿದು ಮೂಗು ರನ್ ಆಗುತ್ತಿದೆ ಎಂದ ಇನ್ಶೂರೆನ್ಸ್ ಸಾಹೇಬರು. ಎಲ್ಲರ ಮಾತೂ ಚೀಟಿಯಾಗಿ ಮಾಳಿಗೆ ಹತ್ತಿತು.

"ನಿಮ್ಮ ಹೋಟೆಲಲ್ಲಿ ಯಾರೂ ಸುಮ್ನೆ ತಿಂಡಿ ತಿನ್ನೋದೇ ಇಲ್ವಾ?" ಎನ್ನುತ್ತಿದ್ದಳು ನೀರಜಾ.

"ತಿಂತಾರೆ. ನಾನೇ ಪಕ್ಕದಲ್ಲಿ ನಿಂತು ಮಾತಾಡಿಸ್ತೇನೆ."

"ಪಾಪ, ದೋಸೆ ಆರಿಹೋಗಲ್ವಾ?"

"ಆರ್ತದೆ. ಮಾವ ಬೈತಾರೆ. ನಿಮಗೆ ಮಾತ್ರ ಕನಿಕರ ಇಲ್ಲ."

ಅವಳು ಚೀಟಿಯ ಮೇಲೆ ಬಾಗಿ ಬರೆಯುತ್ತಾ, ಜಡೆ ಹಿಂದಕ್ಕೆ ಎಸೆಯುವ ನೆಪದಲ್ಲಿ ಒಮ್ಮೆ ಅವನತ್ತ ನೋಡುತ್ತಿದ್ದಳು. ದಿನಕ್ಕೆ ಎಷ್ಟು ಸಲ ಜಡೆ ಮುಂದೆ ಬೀಳುತ್ತದೆಂದು ಸುಬ್ರಾಯನಿಗೆ ಸರಿಯಾಗಿ ಗೊತ್ತಿತ್ತು.

ಒಂದು ದಿನ ರಾಯರು ಸಾರಿದರು. "ಹೊಸಾ ಅರ್ಥ ಬರೂದು ನಿಂತ ಕೂಡ್ಲೆ ‘ರನ್’ ಮುಚ್ಚಿಬಿಡೂಣು. ಬಾಕಿ ಎಲ್ಲಾ ಮುಗದಾವ, ಇದೇ ಕಡೀ ಪದ. ಆಮ್ಯಾಲ ಸೀದಾ ಅಚ್ಚಿಗೆ."

ಸುಬ್ರಾಯ ಲೆಕ್ಕ ಹಾಕಿದ. ಪದ ಮುಗಿದರೆ ನೀರಜಾಳ ಕೆಲಸವೂ ಮುಗಿಯಿತು. ಅವಳು ಪೆರಂಬೂರಿನ ಮನೆ ಸೇರಿಬಿಟ್ಟರೆ ಎಗ್ಮೋರಿನ ಹೋಟೆಲಿನವನು ಯಾವ ನೆಪ ಹೇಳಿ ಅವಳ ಮುಖ ನೋಡುವುದು?

ಹಾಳಾದ್ದು, ಆ ವಾರವೇ ಗಿರಾಕಿಗಳ ಬಾಯಿ ಬರಡಾಯಿತು. ಕೇಳಿದ್ದೇ ಕೇಳಿಸುತ್ತಿತ್ತು. ಹಾಗಾಗಿ ಸುಬ್ರಾಯ ಯಾರೂ ಆಡದ ಮಾತನ್ನು ತಾನೇ ಹೊಸೆದ, ಆಡಿದವರನ್ನೂ ಹುಟ್ಟಿಸಿದ. ಕಾಸಿಮೇಡಿನ ದೋಣಿಯ ಯಜಮಾನನೊಬ್ಬ ಬಂದ. ಪಲ್ಲಾವರಂನಲ್ಲಿ ಭೋಜರಾಜ ಎನ್ನುವವನ ಸೈಕಲ್ ಶಾಪು ಎದ್ದು ನಿಂತಿತು. ‘ಮೈ ಸೈಕಲ್ ರನ್ಸ್ ಲೈಕ್ ಬಟರ್’ ಎಂದು ಈ ಭೋಜರಾಜ ಹೇಳಿದನಂತೆ. ದಿನಕ್ಕೊಂದರಂತೆ ಒಂಬತ್ತು ಚೀಟಿಗಳಾದವು, ಒಂಬತ್ತು ಮಧ್ಯಾಹ್ನಗಳು ದಕ್ಕಿದವು.

ಅಚ್ಚಿಗೆ ಕೊಡುವ ಮುಂಚೆ ನಾಲ್ಕಾರು ಚೀಟಿ ಎತ್ತಿಕೊಂಡು, ಆಡಿದವರನ್ನೇ ಹುಡುಕಿ ವಿಚಾರಿಸುವ ಪದ್ಧತಿ ರಾಯರಿಗಿತ್ತು. ಇದು ಸುಬ್ರಾಯನಿಗೆ ತಿಳಿದಿರಲಿಲ್ಲ.

ಶನಿವಾರ ಅವನು ಮೇಲೆ ಹೋದಾಗ ನೀರಜಾ ಬಾಗಿಲಲ್ಲೇ ನಿಂತಿದ್ದಳು. ಇವತ್ತು ಜಡೆ ಅಲುಗಲಿಲ್ಲ.

"ನಿನ್ನೆ ರಾಯರು ಎತ್ತಿಕೊಟ್ಟ ಚೀಟಿ ಹಿಡ್ಕೊಂಡು, ಅಮ್ಮನ್ನ ಕರ್ಕೊಂಡು ಪಲ್ಲಾವರಂಗೆ ಹೋಗಿದ್ದೆ. ಶುಕ್ರವಾರದ ಸಂತೆ, ಕಾಲಿಡಕ್ಕೆ ಜಾಗ ಇಲ್ಲ. ಆ ಬಿಸಿಲಲ್ಲಿ ಏಳು ಸೈಕಲ್ ಶಾಪು ಕೇಳಿದ್ವಿ. ಭೋಜರಾಜ ಅಂದ್ರೆ ಎಲ್ಲರೂ ನಮ್ಮನ್ನೇ ಮೇಲೆ ಕೆಳಗೆ ನೋಡಿದ್ರು. ಒಬ್ಬ ಅಮ್ಮನಿಗೆ ಸೈಕಲ್ ಮಾರಕ್ಕೇ ಬಂದ!"

ಸುಬ್ರಾಯ ಫ್ಲಾಸ್ಕನ್ನು ಎದೆಗೆ ಅವಚಿಕೊಂಡ.

"ಎಷ್ಟು ಪೊಯ್ಯಿ? ನಿಜ ಹೇಳಿ."

"ಒಂಬತ್ತು ಸುಳ್ಳು. ಉಳಿದದ್ದೆಲ್ಲ ಸತ್ಯ, ದೇವರಾಣೆ."

"ಹನ್ನೊಂದು ವರ್ಷದ ಕೆಲಸ ಸುಬ್ರಾಯರೇ! ಆ ಸುಳ್ಳನ್ನೆಲ್ಲ ಅಂದವಾಗಿ ಬರೆದಿದ್ದು ನನ್ನ ಕೈ. ಒಳಗೆ ಹೋಗಿ, ರಾಯರಿಗೆ ನೀವೇ ಹೇಳಿ."

ಓಡಿಹೋಗಬಹುದಿತ್ತು, ಮೆಟ್ಟಿಲು ಹಿಂದೆಯೇ ಇತ್ತು. ಆದರೆ ಅವಳ ಕಣ್ಣಿನಲ್ಲಿ ನೀರಾಡಿದ್ದು ಕಂಡ ಮೇಲೆ ಅವನಿಗೆ ಕಾಲು ಬರಲಿಲ್ಲ. ಒಳಗೆ ಹೋಗಿ, ಫ್ಲಾಸ್ಕನ್ನು ಕೆಳಗಿಟ್ಟು, ರಾಯರ ಮುಂದೆ ಕೈಕಟ್ಟಿ ನಿಂತ.

"ತಪ್ಪಾಯ್ತು ರಾಯರೇ. ಒಂಬತ್ತು ಚೀಟಿ ನಾನೇ ಕಟ್ಟಿದ್ದು. ಇವರಿಗೆ ಏನೂ ಗೊತ್ತಿಲ್ಲ."

"ಯಾಕ ಮಾಡಿದ್ಯೋ ತಮ್ಮಾ?"

"ಪದ ಮುಗಿದ್ರೆ ಇವರು ನಾಳೆಯಿಂದ ಬರೂದಿಲ್ಲ. ಇವರನ್ನು ನೋಡದೆ ಇರ್ಲಿಕ್ಕೆ ನನ್ನಿಂದ ಆಗೂದಿಲ್ಲ. ಬೇರೆ ದಾರಿ ಕಾಣ್ಲಿಲ್ಲ."

ಕೆಳಗೆ ಜಟಕಾದವನೊಬ್ಬ ಸವಾರಿ ಕೂಗುತ್ತಿದ್ದ. ರಾಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಇಬ್ಬರನ್ನೂ ನೋಡಿದರು.

"ಒಂಬತ್ತೂ ಹರಿದ ಒಗೀರಿ. ‘ರನ್’ ಇವತ್ತಿಗೆ ಮುಗೀತು," ಎಂದರು. ಆಮೇಲೆ ಫ್ಲಾಸ್ಕಿಗೆ ಕೈ ಚಾಚಿ, "ಕಾಫಿ ಆದ್ರೂ ಖರೇ ಐತಿಲ್ಲೋ?" ಎನ್ನುತ್ತಾ ಬೇಕೆಂದೇ ಒಳಕೋಣೆಗೆ ಹೋದರು.

ಇಬ್ಬರೂ ನೆಲದ ಮೇಲೆ ಕೂತು ಚೀಟಿ ಹರಿದರು. ಭೋಜರಾಜನ ಸರದಿ ಬಂದಾಗ ನೀರಜಾ ತುಟಿ ಬಿಗಿಹಿಡಿದರೂ ನಗು ಬಂದೇಬಿಟ್ಟಿತು.

"ನಾನೇನೂ ಸಾಚಾ ಅಲ್ಲ," ಎಂದಳು ಮೆಲ್ಲಗೆ. "‘ರನ್’ನ ಮೂರು ಸಲ ಫೇರ್ ಕಾಪಿ ಮಾಡಿದೀನಿ. ಒಂದು ಸಲ ಸಾಕಿತ್ತು."

ಸುಬ್ರಾಯ ಕೈಯಲ್ಲಿದ್ದ ಚೀಟಿಯ ಚೂರುಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಜೇಬಿಗೆ ತುಂಬಿಕೊಂಡ.

"ನಾಳೆ ಭಾನುವಾರ. ಅಪ್ಪ ಮನೇಲಿರ್ತಾರೆ, ಬನ್ನಿ. ಫ್ಲಾಸ್ಕು ತರಬೇಡಿ, ನಮ್ಮನೇಲೂ ಕಾಫಿ ಮಾಡ್ತೀವಿ."

"ಯಾಕೆ ಬಂದದ್ದು ಅಂತ ಕೇಳಿದ್ರೆ ಎಂತ ಹೇಳೂದು?"

"ಈಗ ರಾಯರ ಮುಂದೆ ಹೇಳಿದ್ರಲ್ಲ, ಅದನ್ನೇ ಹೇಳಿ." ಅವಳು ಎದ್ದು ಸೆರಗು ಕೊಡವಿದಳು. ಮುಖ ಕೆಂಪೇರಿತ್ತು. "ಅಮ್ಮನಿಗೆ ಹೇಳೋದೇನೂ ಬೇಕಿಲ್ಲ. ಆ ಮನುಷ್ಯ ಯಾಕೆ ಇಂಥ ಸುಳ್ಳು ಬರೆದ ಅಂತ ನಿನ್ನೆ ಪಲ್ಲಾವರಂನಿಂದ ಬರ್ತಾ ರೈಲಲ್ಲೇ ಅವಳು ನನ್ನನ್ನ ಕೇಳಿದ್ಲು. ನನಗೆ ಗೊತ್ತಿದ್ದ ಕಾರಣ ಹೇಳಿಬಿಟ್ಟೆ."